ಬನಾನಾ ಪುಡಿಂಗ್: ರಾತ್ರಿ ಗಟ್ಟಿ, ಬೆಳಗ್ಗೆ ನೀರು ಆಗದ ಹಾಗೆ

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ನೆಂಟರಿಷ್ಟರು ಸೇರುವ ಊಟಕ್ಕೆ ಬನಾನಾ ಪುಡಿಂಗ್ ಇಲ್ಲದಿದ್ದರೆ ಏನೋ ಕೊರೆ. ಬಿಸ್ಕತ್ತು, ಬಾಳೆಹಣ್ಣು, ಕಸ್ಟರ್ಡ್ ಒಂದರ ಮೇಲೊಂದು, ಅಷ್ಟೇ. ಅಲ್ಲಿ ಹಾಕುವುದು ನಿಲ್ಲಾ ವೇಫರ್ಸ್ ಎಂಬ ಪುಟ್ಟ ದುಂಡನೆಯ ವೆನಿಲಾ ಬಿಸ್ಕತ್ತು. ಹೆಸರಲ್ಲಿ ವೇಫರ್ ಇದೆಯೆಂದು ನಡುವೆ ಕ್ರೀಮ್ ಮೆತ್ತಿದ ವೇಫರ್ ತಂದುಬಿಡಬೇಡಿ; ಅದಕ್ಕಿಂತ ಮಾರೀ ಬಿಸ್ಕತ್ತೇ ವಾಸಿ. ಗ್ಲೂಕೋಸ್ ಬಿಸ್ಕತ್ತು ಬೇಗ ಮುದ್ದೆಯಾಗುತ್ತದೆ.

ಎಂಟು ಮಂದಿಗೆ: ಗಟ್ಟಿ ಹಾಲು 750 ಮಿ.ಲೀ., ಸಕ್ಕರೆ 120 ಗ್ರಾಂ, ಕಾರ್ನ್‌ಫ್ಲೋರ್ 40 ಗ್ರಾಂ, 4 ಮೊಟ್ಟೆಯ ಹಳದಿ, ಬೆಣ್ಣೆ 25 ಗ್ರಾಂ, ವೆನಿಲಾ ಎಸೆನ್ಸ್ 1 ಟೀ ಚಮಚ, ಉಪ್ಪು ಕಾಲು ಟೀ ಚಮಚ, ಬಿಸ್ಕತ್ತು 200 ಗ್ರಾಂ, ಪಚ್ಚಬಾಳೆ 4. ಸಿಹಿಗೆ ಉಪ್ಪೇಕೆ ಅಂತ ಬಿಡಬೇಡಿ, ಅದಿಲ್ಲದಿದ್ದರೆ ಬರೀ ಸಪ್ಪೆ ಸಿಹಿ.

ಪಚ್ಚಬಾಳೆ ಕ್ಯಾವೆಂಡಿಷ್ ಗುಂಪಿನದು. ಅಮೆರಿಕದ ಅಂಗಡಿಗಳಲ್ಲಿ ಸಿಗುವುದೂ ಅದೇ ಗುಂಪು. ಏಲಕ್ಕಿ ಬಾಳೆಯೂ ನಡೆಯುತ್ತದೆ, ಆದರೆ ಎಂಟೊಂಬತ್ತು ಬೇಕು, ಒಂದಿಷ್ಟು ಹುಳಿಯೂ ಬರುತ್ತದೆ. ಸಿಪ್ಪೆ ಪೂರ್ತಿ ಹಳದಿಯಾಗಿ ಅಲ್ಲಲ್ಲಿ ಕಂದು ಚುಕ್ಕಿ ಬಿದ್ದಿರಬೇಕು. ದೋರೆಗಾಯಿ ಒಗರು; ಕಳಿತದ್ದು ಪದರದೊಳಗೆ ನೀರು ಬಿಡುತ್ತದೆ.

ಈಗ ಕಸ್ಟರ್ಡ್. ಕೆಡುವುದೆಲ್ಲ ಇಲ್ಲೇ. ದಪ್ಪ ತಳದ ಪಾತ್ರೆಯಲ್ಲಿ ಸಕ್ಕರೆ, ಕಾರ್ನ್‌ಫ್ಲೋರ್, ಉಪ್ಪು ಮೊದಲು ಒಣಗಿದ್ದಾಗಲೇ ಬೆರೆಸಿ, ಆಮೇಲೆ ಹಳದಿ ಹಾಕಿ, ತಣ್ಣನೆಯ ಹಾಲನ್ನು ಸ್ವಲ್ಪಸ್ವಲ್ಪವೇ ಹೊಯ್ದು ಗಂಟಿಲ್ಲದಂತೆ ಕದಡಿ. ಮಧ್ಯಮ ಉರಿಯಲ್ಲಿಟ್ಟು ತಳ, ಮೂಲೆ ಕೆರೆಯುತ್ತ ತಿರುವುತ್ತಿರಿ. ಎಂಟು-ಹತ್ತು ನಿಮಿಷಕ್ಕೆ ಒಮ್ಮೆಲೇ ಗಟ್ಟಿಯಾಗುತ್ತದೆ. ಹೆಚ್ಚಿನವರು ಆಯಿತೆಂದು ಅಲ್ಲೇ ಇಳಿಸಿಬಿಡುತ್ತಾರೆ. ಇಳಿಸಬೇಡಿ. ರಾಗಿ ಅಂಬಲಿ ಕುದಿಯುವಾಗ ಏಳುವಂಥ ದಪ್ಪ ಗುಳ್ಳೆ ಪುಳಕ್ ಪುಳಕ್ ಎಂದು ಒಡೆಯತೊಡಗಿದ ಮೇಲೂ ಒಂದೂವರೆ ನಿಮಿಷ ಕೈಬಿಡದೆ ತಿರುವಿ. ಮೊಟ್ಟೆಯ ಹಳದಿಯಲ್ಲಿ ಅಮೈಲೇಸ್ ಎಂಬ ಕಿಣ್ವವಿದೆ. ಸರಿಯಾಗಿ ಕುದಿಸದಿದ್ದರೆ ಅದು ಉಳಿದುಕೊಂಡು, ಫ್ರಿಜ್ಜಿನಲ್ಲಿ ಕೂತೇ ಪಿಷ್ಟವನ್ನು ಒಡೆಯುತ್ತ ಹೋಗುತ್ತದೆ. ಬೆಳಗ್ಗೆ ನೋಡಿದರೆ ಮಜ್ಜಿಗೆ! ಕುದಿಸಿದರೆ ಮೊಟ್ಟೆ ಒಡೆದೀತೆಂಬ ಅಂಜಿಕೆ ಬೇಡ, ಕಾರ್ನ್‌ಫ್ಲೋರ್ ಅದನ್ನು ಕಾಯುತ್ತದೆ. ಇಳಿಸಿ, ಬೆಣ್ಣೆ, ವೆನಿಲಾ ಸೇರಿಸಿ. ಅಕಸ್ಮಾತ್ ಗಂಟಾದರೆ ಬಿಸಿಯಿದ್ದಾಗಲೇ ಜರಡಿಯಲ್ಲಿ ಸೋಸಿ.

ಮೊಟ್ಟೆ ತಿನ್ನದವರು ಕಾರ್ನ್‌ಫ್ಲೋರ್, ಹಳದಿ ಎರಡರ ಬದಲಿಗೂ 50 ಗ್ರಾಂ ಕಸ್ಟರ್ಡ್ ಪೌಡರ್ ಹಾಕಲಿ. 1837ರಲ್ಲಿ ಇಂಗ್ಲೆಂಡಿನ ಆಲ್‌ಫ್ರೆಡ್ ಬರ್ಡ್ ಅದನ್ನು ಮಾಡಿದ್ದೇ ಮೊಟ್ಟೆ ಒಗ್ಗದ ತನ್ನ ಹೆಂಡತಿಗಾಗಿ. ಅದರಲ್ಲೇ ಪರಿಮಳ ಇರುತ್ತದೆ, ವೆನಿಲಾ ಅರ್ಧ ಸಾಕು.

ಗಾಜಿನ ಬೋಗುಣಿಯ ತಳಕ್ಕೆ ಬಿಸ್ಕತ್ತು ಹಾಸಿ, ಸಂದಿಗೆ ಮುರಿದ ಚೂರು ತುಂಬಿ. ಅದರ ಮೇಲೆ ಅರ್ಧ ಬೆರಳು ದಪ್ಪದ ಬಾಳೆ ಬಿಲ್ಲೆ, ಮೇಲೆ ಬೆಚ್ಚಗಿನ ಕಸ್ಟರ್ಡ್. ಪೂರ್ತಿ ಆರಿದ್ದು ಬಿಸ್ಕತ್ತಿಗೆ ಇಳಿಯುವುದಿಲ್ಲ. ಹೀಗೆ ಮೂರು ಸುತ್ತು. ಹಣ್ಣನ್ನು ಆಯಾ ಪದರಕ್ಕೆ ಬೇಕಾದಷ್ಟೇ ಆಗಾಗ ಹೆಚ್ಚಿಕೊಳ್ಳಿ. ಒಂದು ಬಿಲ್ಲೆಯೂ ಹೊರಗೆ ಕಾಣದಂತೆ ಕಸ್ಟರ್ಡ್ ಮುಚ್ಚಬೇಕು, ಗಾಳಿ ತಾಗಿದ್ದೇ ಕಪ್ಪಾಗುವುದು. ಪ್ಲಾಸ್ಟಿಕ್ ಹಾಳೆಯನ್ನು ಕಸ್ಟರ್ಡಿಗೆ ಅಂಟುವಂತೆಯೇ ಹೊದಿಸಿದರೆ ಕೆನೆ ಕಟ್ಟದು.

ಫ್ರಿಜ್ಜಿನಲ್ಲಿ ಕನಿಷ್ಠ 6 ಗಂಟೆ. ಅದಕ್ಕೆ ಮುಂಚೆ ತೆಗೆದರೆ ಬಿಸ್ಕತ್ತು ಕರುಂ ಎನ್ನುತ್ತದೆ, ಚಮಚಕ್ಕೆ ಕೇಕಿನಂತೆ ಸಿಗುವುದಿಲ್ಲ. ಬಡಿಸುವ ಮುಂಚೆ 200 ಮಿ.ಲೀ. ವಿಪ್ಪಿಂಗ್ ಕ್ರೀಮ್ ಕಡೆದು ಮೇಲೆ ಹರಡಿ. ಅಂಗಡಿಯ 25% ಕೊಬ್ಬಿನ ಫ್ರೆಶ್ ಕ್ರೀಮ್ ಎಷ್ಟು ಕಡೆದರೂ ನೊರೆಯಾಗಿ ನಿಲ್ಲುವುದಿಲ್ಲ, ಕೈನೋವು ಬಂದದ್ದೇ ಲಾಭ. ಮರುದಿನದವರೆಗೂ ರುಚಿ ಚೆನ್ನಾಗಿರುತ್ತದೆ. ಮೂರನೆಯ ದಿನಕ್ಕೆ ಬಾಳೆ ಕಪ್ಪಿಟ್ಟು ಲೋಳೆಯಾಗುತ್ತದೆ.