ಪ್ರೀ ವೆಡ್ಡಿಂಗ್ ಫೋಟೋಗಳಿಂದ ಶೆಟ್ಟಿಹಳ್ಳಿ ಚರ್ಚಿನ ಗೋಡೆ ಎಬ್ಬಿಸಿದೆ

ಬಿದ್ದುಹೋದ ಗೋಡೆಯನ್ನು ಮದುವೆ ಜೋಡಿಗಳ ಫೋಟೋ ಇಟ್ಟುಕೊಂಡು ಕಂಪ್ಯೂಟರಿನಲ್ಲಿ ಮತ್ತೆ ಎಬ್ಬಿಸುತ್ತೇನೆ ಅಂದಾಗ ಹಾಸನದ ನಮ್ಮ ಫೋಟೋಗ್ರಾಫರ್ ಬಳಗವೇ ನಕ್ಕಿತ್ತು. ಸರ್ವೆ ಕೆಲಸದ ಗೆಳೆಯನೊಬ್ಬ "ಲೇಸರ್ ಸ್ಕ್ಯಾನರ್ ಇಲ್ಲದೆ ಇದಕ್ಕೆ ಕೈ ಹಾಕಬೇಡ ಮಾರಾಯ, ದುಡ್ಡೂ ಹೋಗುತ್ತೆ, ಕಣ್ಣೂ ಹೋಗುತ್ತೆ" ಅಂದ. ಈಗ ಮಾಡೆಲ್ ತಯಾರಾಗಿದೆ. ಅಳತೆಯೂ ತಾಳೆ ಬಿದ್ದಿದೆ. ನಕ್ಕವರಲ್ಲಿ ಇಬ್ಬರು ಈಗ ನನ್ನ ಹತ್ತಿರ ಸೆಟ್ಟಿಂಗ್ ಕೇಳುತ್ತಿದ್ದಾರೆ. ಅದಕ್ಕೇ ಬರೆಯೋಣ ಅನಿಸಿತು. ಬೇರೆ ಬೇರೆ ಕೋನದ ಫೋಟೋಗಳಿಂದ ಮೂರು ಆಯಾಮದ ಮಾಡೆಲ್ ಕಟ್ಟುವುದಕ್ಕೆ ಫೋಟೋಗ್ರಾಮೆಟ್ರಿ ಅನ್ನುತ್ತಾರೆ. ಫೋಟೋಗಳು ಒಂದರ ಮೇಲೊಂದು ಎಷ್ಟು ಹೊಂದಬೇಕು ಅನ್ನೋದೆಲ್ಲ ಬಿಟ್ಟು ಮುಂದೆ ಹೋಗುತ್ತೇನೆ.

ಶೆಟ್ಟಿಹಳ್ಳಿ ಚರ್ಚ್ ನೋಡದ ಮದುವೆ ಫೋಟೋಗ್ರಾಫರ್ ನಮ್ಮ ಕಡೆ ಯಾರೂ ಇಲ್ಲ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಜಪಮಾಲೆ ಮಾತೆಯ ಚರ್ಚ್ ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದಾಗ ಊರು ಖಾಲಿಯಾಯಿತು, ಚರ್ಚ್ ಹಿನ್ನೀರಿನಲ್ಲಿ ಉಳಿಯಿತು. ಮಳೆ ಚೆನ್ನಾಗಿ ಆದ ವರ್ಷ ಬಹುಪಾಲು ಮುಳುಗುತ್ತದೆ. ಬೇಸಿಗೆಯಲ್ಲಿ ಬುಡದವರೆಗೂ ನಡೆದು ಹೋಗಬಹುದು. ಚಾವಣಿ ಯಾವತ್ತೋ ಹೋಗಿದೆ. ಬೆಲ್ಲ, ಮೊಟ್ಟೆ ಹಾಕಿ ಅರೆದ ಗಾರೆ ಅಂತ ಸುತ್ತಲಿನ ಜನ ಹೇಳುತ್ತಾರೆ. ಇರಬಹುದು. ಆದರೆ ವರ್ಷ ವರ್ಷ ನೆನೆದು ಒಣಗುವ ಗೋಡೆಯನ್ನು ಯಾವ ಬೆಲ್ಲ ತಾನೇ ಕಾಪಾಡೀತು? ಈಚಿನ ಮಳೆಗಾಲಗಳಲ್ಲಿ ಗೋಡೆಯ ಭಾಗಗಳು ಕುಸಿದಿವೆ.

ನಿಂತಿರುವ ಭಾಗವನ್ನು ಸ್ಕ್ಯಾನ್ ಮಾಡೋದು ದೊಡ್ಡ ವಿಷಯವಲ್ಲ. ಬೆಂಗಳೂರಿನ ಒಂದು ಕಂಪನಿ ಲೇಸರ್ ಸ್ಕ್ಯಾನ್‌ಗೆ ನಾಲ್ಕೂವರೆ ಲಕ್ಷ, ಮೇಲೆ ಜಿಎಸ್‌ಟಿ ಅಂತ ಕೊಟೇಶನ್ ಕೊಟ್ಟಿತು. ಅದನ್ನು ಮಡಚಿ ಕಿಸೆಗೆ ಹಾಕಿಕೊಂಡು ನನ್ನ ಫುಲ್‌ಫ್ರೇಮ್ ಕ್ಯಾಮೆರಾ, 24 ಎಂಎಂ ಲೆನ್ಸ್ ಹಿಡಿದು ಹೋದೆ. ಫೆಬ್ರವರಿಯಿಂದ ಮೇ ನಡುವೆ, ಸೂರ್ಯ ಹುಟ್ಟುವ ಮುಂಚಿನ ಅರ್ಧ ಮುಕ್ಕಾಲು ಗಂಟೆ. ಚಾವಣಿ ಇಲ್ಲದ ಕಟ್ಟಡಕ್ಕೆ ಅದಕ್ಕಿಂತ ಒಳ್ಳೆಯ ಬೆಳಕಿಲ್ಲ. ಒಂಬತ್ತು ಗಂಟೆ ದಾಟಿದರೆ ಕಮಾನಿನ ನೆರಳು ಎದುರು ಗೋಡೆ ಮೇಲೆ ಬಿದ್ದು, ಮಾಡೆಲ್ ಮೇಲೆ ಹೊದಿಸುವ ಗೋಡೆಯ ಚಿತ್ರವೆಲ್ಲ ಪಟ್ಟೆ ಪಟ್ಟೆ. ಭಾನುವಾರ ಅಂತೂ ಬೇಡವೇ ಬೇಡ. ಎಲ್ಲ ಸೇರಿ ಎರಡು ಸಾವಿರಕ್ಕೂ ಜಾಸ್ತಿ ಫೋಟೋ ಆಯಿತು. ಮೇಲ್ಭಾಗಕ್ಕೆ ಗೆಳೆಯನ ಡ್ರೋನ್. ಸರ್ಕಾರದ ಡ್ರೋನ್ ತಾಣ ಡಿಜಿಟಲ್ ಸ್ಕೈನ ನಕ್ಷೆಯಲ್ಲಿ ವಲಯ ನೋಡಿಕೊಂಡು, ಹತ್ತಿರದ ಠಾಣೆಗೆ ಹೇಳಿ ಹಾರಿಸಿ. ಅಣೆಕಟ್ಟಿನ ಕಡೆ ಮೂತಿ ತಿರುಗಿಸಬೇಡಿ, ಸುಮ್ನೆ ಯಾಕೆ ತಲೆನೋವು.

ಮೊದಲ ಏಟು ಬಿದ್ದದ್ದು ಅಲೈನ್‌ಮೆಂಟ್‌ನಲ್ಲಿ, ಅಂದರೆ ಯಾವ ಫೋಟೋ ಎಲ್ಲಿಂದ ತೆಗೆದದ್ದು ಅಂತ ಸಾಫ್ಟ್‌ವೇರ್ ಹೊಂದಿಸುವಲ್ಲಿ. ಎಡಗೋಡೆ, ಬಲಗೋಡೆ ಎರಡರಲ್ಲೂ ಒಂದೇ ಅಚ್ಚಿನ ಕಮಾನುಗಳು. ಸಾಫ್ಟ್‌ವೇರ್ ಎರಡನ್ನೂ ಒಂದೇ ಅಂದುಕೊಂಡು ಇಡೀ ಚರ್ಚನ್ನು ಒಂದೇ ಗೋಡೆಗೆ ಅಂಟಿಸಿಬಿಟ್ಟಿತು. ನಾನು ಬಳಸಿದ್ದು ಎರಡು ಸಾಫ್ಟ್‌ವೇರ್. ಮೆಟಾಶೇಪ್‌ನಲ್ಲೂ ಅದೇ ಗತಿ, ರಿಯಾಲಿಟಿ ಕ್ಯಾಪ್ಚರ್‌ನಲ್ಲೂ ಅದೇ ಗತಿ. ಸಾಫ್ಟ್‌ವೇರ್ ಒಂದೊಂದನ್ನೂ ಬೇರೆ ಅಂತ ಗುರುತಿಸುವ ಕೋಡ್ ಇರುವ ಟಾರ್ಗೆಟ್ ಚೀಟಿಗಳನ್ನು ಪ್ರಿಂಟ್ ಹಾಕಿಸಿ, ಲ್ಯಾಮಿನೇಟ್ ಮಾಡಿಸಿ, ಗೋಡೆ ಬುಡದಲ್ಲಿ ಒರಗಿಸಿಟ್ಟೆ. ಗೋಡೆಗೆ ಮಾತ್ರ ಏನನ್ನೂ ಅಂಟಿಸಬೇಡಿ, ಗಾರೆ ಕಿತ್ತು ಬರುತ್ತದೆ. ಒಂದು ದಿನ ಕುರಿ ಹಿಂಡು ಬಂದು ಅರ್ಧ ಟಾರ್ಗೆಟ್ ಬೀಳಿಸಿ ಹೋಯಿತು. ಕೊನೆಗೆ ಎರಡು ಗೋಡೆಗಳನ್ನು ಬೇರೆ ಬೇರೆ ತುಂಡು ಮಾಡಿ, ಮುಂಬಾಗಿಲ ಹತ್ತಿರ ಕೂಡಿಸಿದೆ. ಮಾಡೆಲ್‌ಗೆ ನಿಜ ಅಳತೆ ಕೊಡಲು ಸರ್ವೆಯವರ ಅಳತೆ ಕೋಲೊಂದನ್ನು ಎರಡು ಕಡೆ ನಿಲ್ಲಿಸಿದ್ದೆ. ಇಡೀ ಉದ್ದಕ್ಕೆ ಒಂದೂವರೆ ಸೆಂಟಿಮೀಟರ್ ಆಸುಪಾಸು ವ್ಯತ್ಯಾಸ ಬಂತು. ನನಗೆ ಸಾಕು.

ಇನ್ನು ಅಸಲಿ ಕಥೆ. ಬಿದ್ದ ಭಾಗ ನನ್ನ ಯಾವ ಫೋಟೋದಲ್ಲೂ ಇಲ್ಲ, ಅಲ್ವಾ? ಆದರೆ ಹತ್ತು ಹದಿನೈದು ವರ್ಷಗಳಿಂದ ಹಾಸನ, ಸಕಲೇಶಪುರ, ಬೆಂಗಳೂರಿನ ಫೋಟೋಗ್ರಾಫರ್‌ಗಳು ಆ ಗೋಡೆ ಮುಂದೆ ಜೋಡಿ ನಿಲ್ಲಿಸಿ ಹೊಡೆದದ್ದೇ ಹೊಡೆದದ್ದು. ಗೋಡೆ ಅವರ ಹಾರ್ಡ್ ಡಿಸ್ಕಿನಲ್ಲಿದೆ!

ಇದು ನನ್ನ ತಲೆಯಲ್ಲೇ ಮೊದಲು ಹುಟ್ಟಿದ ಐಡಿಯಾ ಅಲ್ಲ. 2001ರಲ್ಲಿ ತಾಲಿಬಾನ್ ಅಫ್ಘಾನಿಸ್ತಾನದ ಬಾಮಿಯಾನ್ ಬುದ್ಧರನ್ನು ಒಡೆದ ಮೇಲೆ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದವರು ಹಳೆಯ ಫೋಟೋಗಳಿಂದ ದೊಡ್ಡ ಬುದ್ಧನ ಮಾಡೆಲ್ ಕಟ್ಟಿದ್ದರು. ಇಂಟರ್ನೆಟ್ಟಿನಲ್ಲಿ ಸಿಕ್ಕ ಪ್ರವಾಸಿಗರ ಫೋಟೋ ಹಾಕಿಯೂ ನೋಡಿದ್ದರು. ಆದರೆ ಅವರಿಗೆ ನಿಜವಾಗಿ ಕೈಹಿಡಿದದ್ದು 1970ರಲ್ಲಿ ಆಸ್ಟ್ರಿಯಾದ ರಾಬರ್ಟ್ ಕೋಸ್ಟ್ಕಾ ಅಳತೆಯ ಕ್ಯಾಮೆರಾದಲ್ಲಿ ತೆಗೆದಿದ್ದ ಚಿತ್ರಗಳು. ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚ್ ಪುಣ್ಯ ಮಾಡಿತ್ತು. 2019ರ ಬೆಂಕಿಗೆ ಎಷ್ಟೋ ವರ್ಷ ಮುಂಚೆಯೇ ಕಲಾ ಇತಿಹಾಸಕಾರ ಆಂಡ್ರ್ಯೂ ಟ್ಯಾಲನ್ ಲೇಸರ್ ಸ್ಕ್ಯಾನ್ ಮಾಡಿಟ್ಟಿದ್ದರು. ಶೆಟ್ಟಿಹಳ್ಳಿಗೆ ಕೋಸ್ಟ್ಕಾನೂ ಇಲ್ಲ, ಟ್ಯಾಲನ್ನೂ ಇಲ್ಲ. ಇದ್ದದ್ದು ಗೌನ್ ಹಾಕಿದ ವಧು, ಹೊಗೆ ಬಾಂಬ್ ಹಿಡಿದ ವರ.

ಹಾರ್ಡ್ ಡಿಸ್ಕ್ ಕೇಳಿದರೆ ಯಾರು ಕೊಡುತ್ತಾರೆ ಹೇಳಿ. ಕೆಲವರಿಗೆ ಬಿರಿಯಾನಿ ಕೊಡಿಸಿದೆ, ಕೆಲವರ ಆಲ್ಬಮ್ ಡಿಸೈನ್ ಪುಕ್ಕಟೆ ಮಾಡಿಕೊಟ್ಟೆ. ಮುಖ ಎಲ್ಲೂ ಕಾಣಲ್ಲ, ಗೋಡೆ ಬಿಟ್ಟು ಬೇರೇನೂ ಉಳಿಸಲ್ಲ ಅಂತ ಬರೆದು ಸಹಿ ಹಾಕಿದೆ. ಮುರಿದುಬಿದ್ದ ನಿಶ್ಚಿತಾರ್ಥದ ಫೋಟೋಗಳಿಗೆ ಒಬ್ಬರೂ ಒಪ್ಪಲಿಲ್ಲ. ನ್ಯಾಯವೇ.

ಹೀಗೆ ಆರೇಳು ಸಾವಿರ ಫೋಟೋ ಕೂಡಿತು. ಕೆಲಸಕ್ಕೆ ಬಂದದ್ದು ನಾನೂರರಷ್ಟು, ಅಷ್ಟೇ. ಕಾರಣ ಇದೆ. ನಾವು ಮದುವೆಯವರು 85 ಎಂಎಂ ಲೆನ್ಸ್ ಹಾಕಿ, ಎಫ್ 1.4ಕ್ಕೆ ತೆರೆದು, ಹಿಂದಿನ ಗೋಡೆಯನ್ನು ಮಸುಕು ಮಾಡಿ ಬೆಣ್ಣೆ ಮಾಡುತ್ತೇವೆ. ಅದಕ್ಕೇ ದುಡ್ಡು ತಗೊಳ್ಳೋದು. ಬೆಣ್ಣೆಯಿಂದ ಇಟ್ಟಿಗೆ ಬರುತ್ತದಾ? ಎಡಿಟ್ ಮಾಡಿದ ಜೆಪೆಗ್‌ಗಳಲ್ಲಿ ಕ್ರಾಪ್, ಲೆನ್ಸ್ ಕರೆಕ್ಷನ್, ಬದಲಾಯಿಸಿದ ಆಕಾಶ. ವಾಟ್ಸಾಪಿನಲ್ಲಿ ಬಂದವುಗಳಲ್ಲಿ ಎಕ್ಸಿಫ್ ಮಾಹಿತಿಯೇ, ಅಂದರೆ ಕ್ಯಾಮೆರಾ ಫೈಲಿನೊಳಗೆ ಬರೆದಿಡುವ ತಾರೀಕು, ಲೆನ್ಸ್ ವಿವರವೇ ಇಲ್ಲ. ಕೊನೆಗೆ ಬಂಗಾರವಾದದ್ದು ಯಾರೂ ಲೆಕ್ಕಕ್ಕೇ ಇಡದ ಫೈಲ್‌ಗಳು. ಲೈಟ್ ಟೆಸ್ಟ್‌ಗೆ ಹೊಡೆದ ಖಾಲಿ ಫ್ರೇಮ್‌ಗಳು, ಲೈಟ್ ಹಿಡಿಯುವ ಹುಡುಗ ಮೊಬೈಲಿನಲ್ಲಿ ತೆಗೆದ ಮೇಕಿಂಗ್ ವಿಡಿಯೋ, ಆಲ್ಬಮ್‌ಗೆ ಹೋಗದ ವೈಡ್ ಶಾಟ್‌ಗಳು. ಡ್ರೋನ್ ವಿಡಿಯೋದಿಂದ ಸೆಕೆಂಡಿಗೆ ಒಂದು ಫ್ರೇಮ್ ಎತ್ತಿದೆ.

ಇಷ್ಟಾದರೂ ಫೋಟೋಗಳು ಜೋಡಿಯಾಗಲಿಲ್ಲ. ಒಂದೊಂದು ಒಂದೊಂದು ವರ್ಷದ್ದು. ಹೂಳು ಏರಿ ನೆಲದ ಮಟ್ಟವೇ ಬದಲಾಗಿತ್ತು, ಗೋಡೆ ಮೇಲೆ ಪಾಚಿಯ ಬಣ್ಣ ಬೇರೆ. ಎರಡು ತಿಂಗಳು ಹೀಗೇ ಹೋಯಿತು, ರಾತ್ರಿಯೆಲ್ಲ ಕಂಪ್ಯೂಟರ್ ಓಡಿ ಕರೆಂಟ್ ಬಿಲ್ ಏರಿತು. ಮನೆಯಲ್ಲಿ "ರೀ, ಬಿದ್ದ ಗೋಡೆ ಆಮೇಲೆ ಕಟ್ಟಿ, ಮೊದಲು ನಮ್ಮ ಕಾಂಪೌಂಡ್ ರಿಪೇರಿ ಮಾಡಿಸಿ" ಅಂತ ಶುರುವಾಯಿತು.

ದಾರಿ ತೋರಿಸಿದ್ದು ನೀರು. ಮಳೆಗಾಲದಲ್ಲಿ ತೆಗೆದ ಫೋಟೋಗಳನ್ನು ನಾನು ಪ್ರತಿಬಿಂಬದ ಕಾಟಕ್ಕೆ ಮೊದಲೇ ಬದಿಗಿಟ್ಟಿದ್ದೆ. ಯೋಚಿಸಿ ನೋಡಿ. ನಿಂತ ನೀರು ಗೋಡೆಗೆ ತಾಗುವ ಗೆರೆ ಪಕ್ಕಾ ಮಟ್ಟಸ. ಇಡೀ ಕಟ್ಟಡದ ಸುತ್ತ ಒಂದೇ ಎತ್ತರ. ಫೋಟೋ ತೆಗೆದ ತಾರೀಕು ಎಕ್ಸಿಫ್‌ನಲ್ಲಿದೆ. ಆ ದಿನದ ಜಲಾಶಯದ ಮಟ್ಟ ಮರುದಿನದ ಪೇಪರಿನಲ್ಲಿದೆ. ಗೊರೂರು ಪೂರ್ತಿ ತುಂಬಿದರೆ 2922 ಅಡಿ, ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಅಂದರೆ ಪ್ರತಿ ಫೋಟೋದಲ್ಲೂ ಎತ್ತರ ಗೊತ್ತಿರುವ ಒಂದು ಗೆರೆ ಸಿಕ್ಕಿತು, ಸರ್ವೆಯವರ ಕಂಟ್ರೋಲ್ ಪಾಯಿಂಟ್, ಅಂದರೆ ಅಳತೆ ಗೊತ್ತಿರುವ ಗುರುತು, ಬಿಟ್ಟಿಯಾಗಿ ಬಂದ ಹಾಗೆ. ಹೊಳೆ ರಭಸವಾಗಿ ನುಗ್ಗುವ ದಿನಗಳು, ಗಾಳಿಗೆ ಅಲೆ ಎದ್ದ ದಿನಗಳು ಬೇಡ. ಉಳಿದವು ಸಾಕು. ನಿಂತಿರುವ ಗೋಡೆಯ ಮೇಲೆ ಅದೇ ಎತ್ತರವನ್ನು ನನ್ನ ಮಾಡೆಲ್‌ನಲ್ಲಿ ಗುರುತು ಹಾಕಿ ಕೂಡಿಸಿದೆ. ಬಿದ್ದ ಭಾಗ ಮೊದಲ ಸಲ ಪಾಯಿಂಟ್ ಕ್ಲೌಡ್ ಆಗಿ, ಅಂದರೆ ಲಕ್ಷಾಂತರ ಚುಕ್ಕೆಗಳ ಆಕಾರವಾಗಿ ಎದ್ದು ನಿಂತಿತು.

ಜೋಡಿಗಳನ್ನು ಫ್ರೇಮಿನಿಂದ ತೆಗೆಯಲು ಮಾಸ್ಕ್ ಹಾಕಬೇಕು, ಅಂದರೆ ಅವರಿರುವ ಜಾಗವನ್ನು ಸಾಫ್ಟ್‌ವೇರ್ ನೋಡದ ಹಾಗೆ ಮುಚ್ಚಬೇಕು. ಗೌನ್ ಗಾಳಿಗೆ ಹಾರಿ ಕಮಾನಿನ ಅಂಚಿಗೆ ಬೆರೆತ ಕಡೆ ಏನು ಮಾಡಿದೆ ಅನ್ನೋದನ್ನು ಮಾತ್ರ ಇಲ್ಲಿ ಹೇಳಲ್ಲ. ಎಕ್ಸಿಫ್ ಇಲ್ಲದ ಫೋಟೋಗೆ ತಾರೀಕು ಹೇಗೆ ಹಿಡಿದೆ ಅನ್ನೋದನ್ನೂ ಹೇಳಲ್ಲ. ಎರಡೂ ಈಗ ನನ್ನ ಹೊಟ್ಟೆಪಾಡು.

ಸರ್ವೆ ಗೆಳೆಯ ಆಗಲೂ ಒಪ್ಪಲಿಲ್ಲ. "ಬಿದ್ದ ಗೋಡೆ ಸರಿಯಾಗಿದೆ ಅಂತ ಯಾವನು ಅಳೀತಾನೆ?" ಅಂದ. ಮಾತು ಸರಿ. ಹಾಗಾಗಿ ಈಗಲೂ ನಿಂತಿರುವ ಒಂದು ಕಮಾನನ್ನು ಬರೀ ಮದುವೆ ಫೋಟೋಗಳಿಂದ ಕಟ್ಟಿ, ನನ್ನ ಸ್ವಂತ ಸ್ಕ್ಯಾನ್ ಜತೆ ಕ್ಲೌಡ್‌ಕಂಪೇರ್ ಅನ್ನುವ ಹೋಲಿಕೆ ಸಾಫ್ಟ್‌ವೇರ್‌ನಲ್ಲಿ ಇಟ್ಟೆ. ಕೆಳಗಿನ ಭಾಗ ಮೂರು ನಾಲ್ಕು ಸೆಂಟಿಮೀಟರ್ ಒಳಗೆ ಕೂತಿತು. ಮೇಲ್ತುದಿಯಲ್ಲಿ ಎಂಟು ಹತ್ತು ಸೆಂಟಿಮೀಟರ್ ಜಾರಿದೆ, ಮೇಲಿನಿಂದ ತೆಗೆದ ಫೋಟೋ ಕಮ್ಮಿ ಇದ್ದದ್ದೇ ಅದಕ್ಕೆ ಕಾರಣ. ಗೆಳೆಯ ತಾನೇ ಮೌಸ್ ಹಿಡಿದು ನಾಲ್ಕಾರು ಕಡೆ ಅಳೆದ. ಆಮೇಲೆ ಕಾಫಿ ಬಿಲ್ ಅವನೇ ಕೊಟ್ಟ.

ನಡುವೆ ಗಾಸಿಯನ್ ಸ್ಪ್ಲಾಟಿಂಗ್ ಹುಚ್ಚೂ ಹಿಡಿದಿತ್ತು, ಫೋಟೋಗಳಿಂದ ಸಾವಿರಾರು ಮಸುಕು ಬಣ್ಣದ ಚುಕ್ಕೆಗಳಲ್ಲಿ ದೃಶ್ಯ ಕಟ್ಟುವ ವಿಧಾನ ಅದು. 2023ರಿಂದ ಎಲ್ಲರ ಬಾಯಲ್ಲೂ ಅದೇ ತಾನೇ. ನೋಡಲು ಬಹಳ ಚಂದ, ನೀರಿನ ಪ್ರತಿಬಿಂಬ ಕೂಡ ಬರುತ್ತದೆ. ಅಳೆಯಲು ಹೋದರೆ ಕೈಗೆ ಏನೂ ಸಿಗಲ್ಲ. ರೀಲ್ಸ್‌ಗೆ ಇಟ್ಟುಕೊಂಡಿದ್ದೇನೆ. ಐಫೋನಿನಲ್ಲಿರುವ ಲೇಸರ್ ಅಳತೆಯ ಲೈಡಾರ್ ಸುಮಾರು ಐದು ಮೀಟರ್ ಆಚೆ ಕಾಣುವುದಿಲ್ಲ, ಈ ಎತ್ತರಕ್ಕೆ ಅದು ಲೆಕ್ಕಕ್ಕಿಲ್ಲ. ಒಳಗೆ ಬಲೂನ್ ಒಡೆದು ಪ್ರತಿಧ್ವನಿ ರೆಕಾರ್ಡ್ ಮಾಡಲೂ ನೋಡಿದೆ. ಚಾವಣಿಯೇ ಇಲ್ಲದ ಕಡೆ ಎಂಥ ಪ್ರತಿಧ್ವನಿ, ಪಾರಿವಾಳ ಹಾರಿದ್ದಷ್ಟೇ ಲಾಭ.

ಚಾವಣಿ, ಒಳಗಿನ ಬಲಿಪೀಠ ಮತ್ತೆ ಕಟ್ಟಿದ್ದು ಬ್ಲೆಂಡರ್ ಅನ್ನುವ ತ್ರಿಡಿ ಸಾಫ್ಟ್‌ವೇರ್‌ನಲ್ಲಿ. ಇಲ್ಲಿ ಫೋಟೋ ಸಾಕ್ಷಿ ಕಮ್ಮಿ. ಗೋಡೆಯಲ್ಲಿ ತೊಲೆ ಕೂರಿಸಿದ ಗುರುತುಗಳಿಂದ ಚಾವಣಿ ಎಲ್ಲಿಂದ ಎದ್ದಿತ್ತು ಅಂತ ಹಿಡಿಯಬಹುದು, ಇಳಿಜಾರು ಎಷ್ಟು ಅನ್ನೋದು ಊಹೆ. ಊರು ಬಿಟ್ಟು ಹೋದ ಕುಟುಂಬಗಳ ಹಿರಿಯರ ಮನೆಗೆ ಹೋಗಿ ಕೂತೆ. ಇಬ್ಬರು ಅಜ್ಜಿಯರು, ಅಕ್ಕ ತಂಗಿ. ಪೀಠದ ಹಿಂದಿನ ಗೋಡೆ ನೀಲಿ ಅಂತ ಒಬ್ಬರು, ಹಸಿರು ಅಂತ ಇನ್ನೊಬ್ಬರು. "ನಿಂಗೆ ಆಗ ಪೊರೆ ಬಂದಿತ್ತಾ" ಅಂತ ಜಗಳವೇ ಆಯಿತು. ಒಂದು ಮನೆಯಲ್ಲಿ ಹಳೆಯ ಮದುವೆ ಫೋಟೋ ಸಿಕ್ಕಿತು. ಅದು ಕಪ್ಪು ಬಿಳುಪು!

ಹಾಗಾಗಿ ಬಣ್ಣದ ತಂಟೆಗೇ ಹೋಗಲಿಲ್ಲ. ನನ್ನ ಸ್ಕ್ಯಾನ್ ನಿಜ ಬಣ್ಣದಲ್ಲಿದೆ, ಮದುವೆ ಫೋಟೋಗಳಿಂದ ಬಂದದ್ದು ಸ್ವಲ್ಪ ಮಂಕಾಗಿದೆ, ಊಹೆಯ ಭಾಗ ಬರೀ ಬೂದು. ಯಾವುದು ಸಾಕ್ಷಿ, ಯಾವುದು ಊಹೆ ಅಂತ ನೋಡಿದವರಿಗೆ ತಿಳಿಯಬೇಕು ಅಂತ ಪರಂಪರೆಯ ಕಂಪ್ಯೂಟರ್ ಚಿತ್ರಣಕ್ಕೆ ಇರುವ ಲಂಡನ್ ಚಾರ್ಟರ್ ಎಂಬ ಮಾರ್ಗಸೂಚಿ ಹೇಳುತ್ತದೆ. ಕೆಲವರು ಎಐಗೆ ಹೇಳಿ ಬಣ್ಣದ ಗಾಜು, ತೂಗುದೀಪ ಎಲ್ಲ ಹಾಕಿಸಿ "ಮೂಲ ಚರ್ಚ್" ಅಂತ ಹಂಚುತ್ತಿದ್ದಾರೆ. ನನಗೆ ಅದು ಸುತಾರಾಂ ಇಷ್ಟವಿಲ್ಲ. ಹತ್ತು ವರ್ಷ ಬಿಟ್ಟು ಅದೇ ದಾಖಲೆ ಅಂತ ಕೂತುಬಿಡುತ್ತದೆ.

ತೋರಿಸುವಾಗ ಕಲಿತದ್ದೂ ಇದೆ. ವಿಆರ್ ಕನ್ನಡಕ ಹಾಕಿದ ಅಜ್ಜಿಗೆ ತಲೆ ಸುತ್ತಿತು. ದೊಡ್ಡ ಟಿವಿಯಲ್ಲಿ ನಿಧಾನಕ್ಕೆ ಬಾಗಿಲಿಂದ ಪೀಠದವರೆಗೆ ನಡೆಸಿದಾಗ ಎಲ್ಲರೂ ಕೂತು ನೋಡಿದರು. "ನಮ್ಮ ಬೆಂಚು ಇನ್ನೂ ಮುಂದೆ ಇತ್ತಪ್ಪ" ಅಂತ ತಿದ್ದಿದರು. ಬೆಂಚು ಸರಿಸಿದೆ, ಬೂದು ಬಣ್ಣದಲ್ಲೇ.

ಖರ್ಚಿನ ವಿಷಯ. ಹಳೆಯ 3060 ಗ್ರಾಫಿಕ್ಸ್ ಕಾರ್ಡ್ ಇಪ್ಪತ್ತನಾಲ್ಕು ಸಾವಿರದ ಹತ್ತಿರ, ರ‍್ಯಾಮ್ ಹದಿನಾಲ್ಕು, ಹಾರ್ಡ್ ಡಿಸ್ಕ್‌ಗಳು ಇಪ್ಪತ್ತು, ಮೆಟಾಶೇಪ್ ಸ್ಟ್ಯಾಂಡರ್ಡ್ ಹದಿನೈದರ ಮೇಲೆ ಸ್ವಲ್ಪ. ರಿಯಾಲಿಟಿ ಕ್ಯಾಪ್ಚರ್ (ಈಗ ಅದರ ಹೆಸರು ರಿಯಾಲಿಟಿ ಸ್ಕ್ಯಾನ್) 2024ರಿಂದ ನಮ್ಮಂಥ ಸಣ್ಣವರಿಗೆ ಉಚಿತ, ಈಗ ಶುರು ಮಾಡುವವರು ಅದರಲ್ಲೇ ಮಾಡಿ. ಪೆಟ್ರೋಲ್, ಡ್ರೋನ್ ಬ್ಯಾಟರಿ, ಬಿರಿಯಾನಿ ಎಲ್ಲ ಸೇರಿ ಒಂದು ಲಕ್ಷದ ಎಪ್ಪತ್ತು ಸಾವಿರ ಆಗಿರಬೇಕು. ಬಿಟ್ಟ ಮದುವೆ ಆರ್ಡರ್‌ಗಳನ್ನು ಹೆಂಡತಿ ಬೇರೆ ಲೆಕ್ಕದಲ್ಲಿ ಬರೆದಿಟ್ಟಿದ್ದಾಳೆ, ಅದನ್ನು ನಾನು ತೆರೆದು ನೋಡಿಲ್ಲ.

ಈ ಕೆಲಸದಿಂದ ಒಂದು ಪೈಸೆ ಬರಲಿಲ್ಲ. ಆದರೆ ಇದನ್ನು ನೋಡಿ ಅರಸೀಕೆರೆ ಕಡೆಯ ಒಂದು ದೇವಸ್ಥಾನ ಸಮಿತಿಯವರು ಜೀರ್ಣೋದ್ಧಾರಕ್ಕೆ ಕಲ್ಲು ಬಿಚ್ಚುವ ಮುಂಚೆ ಸ್ಕ್ಯಾನ್ ಮಾಡಿಕೊಡಿ ಅಂತ ಕರೆದರು. ಪ್ರತಿ ಕಲ್ಲಿಗೂ ನಂಬರ್ ಹಾಕಿ ಮಾಡೆಲ್‌ಗೆ ಕೂಡಿಸುತ್ತಿದ್ದೇನೆ. ಮುಂಗಡ ಬಂದಿದೆ, ಕಾಂಪೌಂಡ್ ರಿಪೇರಿ ಆಗಿದೆ.

ಚರ್ಚಿನ ಮುಂಭಾಗದ ಮೇಲ್ತುದಿ ನನ್ನ ಮಾಡೆಲ್‌ನಲ್ಲಿ ಇನ್ನೂ ತೆಳುವಾಗಿದೆ. ದೋಣಿಯಿಂದಲೋ ಎದುರು ದಡದಿಂದಲೋ ತೆಗೆದ ಹಳೆಯ ಫೋಟೋಗಳು ಬೇಕು, ಅದರಲ್ಲೂ 2010ಕ್ಕಿಂತ ಮುಂಚಿನವು. ಒರಿಜಿನಲ್ ಫೈಲ್ ಇರಲಿ, ವಾಟ್ಸಾಪಿನದು ಬೇಡ. ಫಿಲ್ಮ್ ಕಾಲದ ನೆಗೆಟಿವ್ ಇಟ್ಟುಕೊಂಡವರಿದ್ದರೆ ಸ್ಕ್ಯಾನ್ ಖರ್ಚು ನನ್ನದು.