ಮಕ್ಕಳಿರುವ ದೇಶದಲ್ಲಿ ಗಲಭೆ ಎದ್ದರೆ ಮೈಸೂರಿನ ಮನೆಯವರು ಏನು ಮಾಡಬೇಕು?

2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಕಾಳಗ ಶುರುವಾಯಿತು. ಅಲ್ಲಿ ಸಿಕ್ಕಿಕೊಂಡ ಕನ್ನಡಿಗರಲ್ಲಿ ಗಿಡಮೂಲಿಕೆ ಎಣ್ಣೆ, ಔಷಧಿ ಮಾರಲು ಹೋಗಿದ್ದ ಹಕ್ಕಿಪಿಕ್ಕಿ ಜನರಿದ್ದರು. ಅವರಲ್ಲಿ ಕೆಲವರು ನಮ್ಮ ಹುಣಸೂರು ತಾಲ್ಲೂಕಿನವರೇ. ಅವರನ್ನೆಲ್ಲ ಕರೆತಂದ ಕಾರ್ಯಾಚರಣೆಗೆ ಇಟ್ಟ ಹೆಸರೂ ನಮ್ಮ ನದಿಯದ್ದೇ: ಆಪರೇಷನ್ ಕಾವೇರಿ. ಹೊರದೇಶದ ಗಲಭೆ ಅಂದರೆ ದೊಡ್ಡ ಸಂಬಳದವರ ಕಷ್ಟ ಮಾತ್ರ ಅಂತ ಅಂದುಕೊಳ್ಳುವ ಹಾಗಿಲ್ಲ. ಮಗಳು, ಅಳಿಯ, ಮೊಮ್ಮಕ್ಕಳು ಹೊರಗಿರುವ ಮನೆ ಕುವೆಂಪುನಗರದಲ್ಲೂ ಇದೆ, ಮಂಡ್ಯದ ಹಳ್ಳಿಯಲ್ಲೂ ಇದೆ. ಅಲ್ಲಿ ರಸ್ತೆ ಬಂದ್ ಆದಾಗ ಇಲ್ಲಿಂದ ಮಾಡಬಹುದಾದ ಕೆಲಸ ತುಂಬಾ ಇದೆ. ಅದರಲ್ಲಿ ಮುಕ್ಕಾಲು ಪಾಲನ್ನು ಎಲ್ಲ ಶಾಂತವಾಗಿರುವಾಗಲೇ ಮಾಡಿಟ್ಟುಕೊಳ್ಳಬೇಕು.

ಮೊದಲು, ಒಂದು ಫೈಲು

ಮುಂದಿನ ಸಲ ಅವರು ರಜೆಗೆ ಬಂದಾಗ ಒಂದು ಮಧ್ಯಾಹ್ನ ಕೂತು ಇದನ್ನು ಮುಗಿಸಿ. ಎಲ್ಲರ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ವೀಸಾ, ಅಲ್ಲಿನ ವಾಸದ ಪರವಾನಗಿ, ಮದುವೆ ಸರ್ಟಿಫಿಕೇಟು, ಮಕ್ಕಳ ಜನನ ಪತ್ರ, ಲಸಿಕೆ ಕಾರ್ಡು, ಶಾಲೆಯ ಅಂಕಪಟ್ಟಿ ಎಲ್ಲದರ ಜೆರಾಕ್ಸ್ ಬೇಕು. ಫೋನಿನಲ್ಲಿ ಫೋಟೊ ಇದೆ ಅಂತ ಬಿಡಬೇಡಿ. ಫೋನು ಕಳೆದುಹೋದರೆ, ಚಾರ್ಜ್ ಮುಗಿದರೆ ನಿಮ್ಮ ಬೀರುವಿನಲ್ಲಿರುವ ಕಾಗದವೇ ಗತಿ. ಪಾಸ್‌ಪೋರ್ಟ್ ಕಳೆದುಕೊಂಡವರಿಗೆ, ಇಲ್ಲವೇ ಅದನ್ನು ಮಾಲೀಕನ ಕೈಗೆ ಕೊಟ್ಟು ಕೂತವರಿಗೆ, ರಾಯಭಾರ ಕಚೇರಿ ಊರಿಗೆ ಮರಳಲು ಮಾತ್ರ ನಡೆಯುವ ‘ಎಮರ್ಜೆನ್ಸಿ ಸರ್ಟಿಫಿಕೇಟ್’ ಕೊಡುತ್ತದೆ. ಇವರು ಭಾರತೀಯರೇ ಅಂತ ತೋರಿಸಲು ಒಂದು ಜೆರಾಕ್ಸ್ ಪ್ರತಿ ಇದ್ದರೂ ಆ ಕೆಲಸ ಬೇಗ ಆಗುತ್ತದೆ.

ಸಂಬಳದ ಚೀಟಿ, ಕೆಲಸದ ಕರಾರು, ಬಾಡಿಗೆ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್ ಕೂಡ ಅದೇ ಫೈಲಿಗೆ ಹಾಕಿ. ಇದನ್ನು ಒತ್ತಿ ಹೇಳಲು ಕಾರಣ ಇದೆ. 1990ರ ಆಗಸ್ಟ್ 2ರಂದು ಇರಾಕ್ ಕುವೈತಿಗೆ ನುಗ್ಗಿದಾಗ ಒಂದೂವರೆ ಲಕ್ಷಕ್ಕೂ ಜಾಸ್ತಿ ಭಾರತೀಯರು ಮನೆ, ಕಾರು, ಉಳಿತಾಯ ಎಲ್ಲ ಬಿಟ್ಟು ಬಂದರು. ಮರುವರ್ಷ ವಿಶ್ವಸಂಸ್ಥೆ ಪರಿಹಾರ ಆಯೋಗ ರಚಿಸಿತು. ಕುವೈತ್ ಬಿಟ್ಟು ಬಂದಿದ್ದಕ್ಕೇ ಒಬ್ಬರಿಗೆ 2,500 ಡಾಲರ್, ಕುಟುಂಬಕ್ಕೆ 5,000 ಡಾಲರ್ ಅಂತ ನಿಗದಿಯಾಯಿತು. ಅದಕ್ಕಿಂತ ಜಾಸ್ತಿ ಕಳೆದುಕೊಂಡೆವು ಅನ್ನುವವರು ದಾಖಲೆ ತೋರಿಸಬೇಕಿತ್ತು. ಉಟ್ಟ ಬಟ್ಟೆಯಲ್ಲಿ ಓಡಿಬಂದವರು ಎಲ್ಲಿಂದ ತರಬೇಕು, ಹೇಳಿ.

ಅಲ್ಲೇ ಹುಟ್ಟಿದ ಮಗು ಇದ್ದರೆ ಇನ್ನೊಂದು ಕೆಲಸ. ಒಂದು ವರ್ಷದೊಳಗೆ ಅದರ ಜನನವನ್ನು ಭಾರತದ ರಾಯಭಾರ ಕಚೇರಿಯಲ್ಲಿ ನೋಂದಾಯಿಸಿ, ಪಾಸ್‌ಪೋರ್ಟ್ ಮಾಡಿಸಬೇಕು. ‘ಆಮೇಲೆ ನೋಡೋಣ’ ಅಂತ ಮುಂದೂಡುವ ಕೆಲಸಗಳಲ್ಲಿ ಇದೇ ಮೊದಲನೆಯದು. ಆಫ್ರಿಕಾದಲ್ಲಿ ಇರುವವರು ಹಳದಿ ಜ್ವರದ ಲಸಿಕೆ ಕಾರ್ಡನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಳ್ಳಲಿ. ಸುಡಾನಿನಿಂದ ಹೇಗೋ ಬಚಾವಾಗಿ ಬೆಂಗಳೂರಿಗೆ ಇಳಿದ ಕೆಲವರನ್ನು ಆ ಕಾರ್ಡ್ ಇಲ್ಲದ್ದಕ್ಕೆ ಕ್ವಾರಂಟೈನಿಗೆ ಕಳಿಸಿದ್ದರು.

ಎರಡನೆಯದು, ರಾಯಭಾರ ಕಚೇರಿಯಲ್ಲಿ ಹೆಸರು

ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ವೆಬ್‌ಸೈಟಿನಲ್ಲಿ ಕುಟುಂಬದವರೆಲ್ಲರ ಹೆಸರು ನೋಂದಾಯಿಸಲು ಹೇಳಿ. ಮನೆ ಬದಲಿಸಿದಾಗ ವಿಳಾಸವನ್ನೂ ಬದಲಿಸಬೇಕು. ಬಸ್ಸು, ವಿಮಾನ ಹೊರಡಿಸುವಾಗ ಮೊದಲು ನೋಡುವುದು ಆ ಪಟ್ಟಿಯನ್ನೇ.

ಮೂರನೆಯದು, ಹೊರಡುವ ಹೊತ್ತು

ಎಲ್ಲಕ್ಕಿಂತ ಕಷ್ಟದ್ದು ಇದೇ. 2022ರ ಫೆಬ್ರುವರಿ 15ರಂದು ಉಕ್ರೇನ್ ರಾಜಧಾನಿ ಕೀವ್‌ನ ಭಾರತೀಯ ರಾಯಭಾರ ಕಚೇರಿ ಒಂದು ಸೂಚನೆ ಹೊರಡಿಸಿತು: ಇರಲೇಬೇಕಾದ ಅಗತ್ಯ ಇಲ್ಲದವರು, ಅದರಲ್ಲೂ ವಿದ್ಯಾರ್ಥಿಗಳು, ಸದ್ಯಕ್ಕೆ ಹೊರಡುವ ಬಗ್ಗೆ ಯೋಚಿಸಿ ಅಂತ. ಆದರೆ ಕಾಲೇಜುಗಳಲ್ಲಿ ತರಗತಿ ನಡೆಯುತ್ತಿತ್ತು, ಹಾಜರಾತಿಯ ಭಯ ಇತ್ತು, ಟಿಕೆಟ್ ದರ ಏರಿತ್ತು. 24ಕ್ಕೆ ಯುದ್ಧ ಶುರುವಾಯಿತು, ಆಕಾಶಮಾರ್ಗ ಮುಚ್ಚಿತು. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ನಮ್ಮ ಹಾವೇರಿ ಜಿಲ್ಲೆಯ ಹುಡುಗನೊಬ್ಬ ಊಟದ ಸಾಮಾನು ತರಲು ಹೋಗಿ ಪ್ರಾಣ ಕಳೆದುಕೊಂಡ. ಆ ಸುದ್ದಿ ಬಂದ ದಿನ ರಾಜ್ಯದ ಎಷ್ಟು ಮನೆಗಳಲ್ಲಿ ಒಲೆ ಹೊತ್ತಿಲ್ಲವೋ.

ಹಾಗಾಗಿ ಸೂಚನೆಯ ಭಾಷೆಯನ್ನು ಗಮನವಿಟ್ಟು ಓದಿ. ‘ಎಚ್ಚರಿಕೆಯಿಂದ ಇರಿ’ ಅಂದರೆ ಬ್ಯಾಗ್ ಕಟ್ಟಿಡಿ. ‘ಹೊರಡುವ ಬಗ್ಗೆ ಯೋಚಿಸಿ’ ಅಂದರೆ ಸಾಮಾನ್ಯ ವಿಮಾನ ಓಡಾಡುತ್ತಿರುವಾಗಲೇ ಹೊರಟುಬಿಡಿ. ಕಡೇಪಕ್ಷ ತಾಯಿ ಮಕ್ಕಳಾದರೂ ಬರಲಿ. ‘ಅಪ್ಪಾ, ಟೀವಿ ನೋಡಿ ಗಾಬರಿ ಆಗ್ಬೇಡಿ, ನಮ್ಮ ಏರಿಯಾದಲ್ಲಿ ಏನೂ ಇಲ್ಲ’ ಅಂತ ಮಗಳು ಹೇಳುತ್ತಾಳೆ. ಅವಳ ಬೀದಿಯ ಮಟ್ಟಿಗೆ ಅದು ನಿಜವೇ ಇರಬಹುದು. ಆದರೆ ವಿಮಾನ ನಿಲ್ದಾಣದ ದಾರಿ ಹೇಗಿದೆ ಅಂತ ಕೇಳಿ. ಸುಡಾನಿನ ರಾಜಧಾನಿ ಖಾರ್ತೂಮಿನಲ್ಲಿ ವಿಮಾನ ನಿಲ್ದಾಣವೇ ರಣರಂಗ ಆಗಿತ್ತು. ಜನ 800 ಕಿಲೋಮೀಟರ್ ದೂರದ ಪೋರ್ಟ್ ಸುಡಾನಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಜೆಡ್ಡಾ ಸೇರಬೇಕಾಯಿತು. ಟಿಕೆಟ್ಟಿಗೆ ಆಗುವಷ್ಟು ದುಡ್ಡು ಇಲ್ಲಿನ ಖಾತೆಯಲ್ಲಿ ಸದಾ ಇರಲಿ. ಅಲ್ಲಿ ಬ್ಯಾಂಕ್ ಮುಚ್ಚಿದರೂ ಮೈಸೂರಿನಿಂದ ಬುಕ್ ಮಾಡಬಹುದು.

ನಾಲ್ಕನೆಯದು, ಫೋನು

2024ರ ಜುಲೈ 18ರಿಂದ ಬಾಂಗ್ಲಾದೇಶದಲ್ಲಿ ಸುಮಾರು ಹತ್ತು ದಿನ ಮೊಬೈಲ್ ಇಂಟರ್ನೆಟ್ ಇರಲಿಲ್ಲ. ವಾಟ್ಸ್ಆ್ಯಪ್ ಒಂದನ್ನೇ ನಂಬಿದ್ದವರು ಕಂಗಾಲಾದರು. ಸಾದಾ ಕರೆ ಮತ್ತು ಎಸ್ಸೆಮ್ಮೆಸ್ಸಿಗೆ ಅಲ್ಲಿನ ಸಿಮ್‌ನಲ್ಲಿ ದುಡ್ಡು ಹಾಕಿಸಿರಲಿ. ದೊಡ್ಡಪ್ಪ, ಸೋದರತ್ತೆ, ಪಕ್ಕದ ಮನೆಯವರು ಎಲ್ಲರೂ ಕರೆ ಮಾಡಿದರೆ ಅಲ್ಲಿ ಬ್ಯಾಟರಿ ಖಾಲಿ. ಈ ಕಡೆಯಿಂದ ಒಬ್ಬರೇ ಮಾತಾಡಿ, ದಿನಕ್ಕೆರಡು ಹೊತ್ತು ಗೊತ್ತು ಮಾಡಿಕೊಳ್ಳಿ. ಉಳಿದವರಿಗೆ ಆ ಒಬ್ಬರೇ ತಿಳಿಸಲಿ. ಸಂದೇಶ ಇಷ್ಟು ಸಾಕು: ‘ನಾಲ್ವರೂ ಕ್ಷೇಮ. ಮನೆಯಲ್ಲೇ ಇದ್ದೇವೆ. ನೀರು ಎರಡು ದಿನಕ್ಕಿದೆ. ಚಾರ್ಜ್ 40.’

ಮಗುವಿನ ಜೇಬಿಗೆ ಒಂದು ಚೀಟಿ ಹಾಕಿಸಿ. ಅದರಲ್ಲಿ ಹೆಸರು, ರಕ್ತದ ಗುಂಪು, ಅಪ್ಪ ಅಮ್ಮನ ನಂಬರು, ಮೈಸೂರಿನ ನಂಬರು ಇರಲಿ. ಬಾಲ್ ಪೆನ್ನಿನಲ್ಲಿ ಬರೆದು, ಮೇಲೆ ಸೆಲ್ಲೋಟೇಪ್ ಸುತ್ತಿದರೆ ಮಳೆ ಬಂದರೂ ಅಳಿಸುವುದಿಲ್ಲ.

ಐದನೆಯದು, ಇಲ್ಲಿನ ಕಚೇರಿಗಳು

ಜಿಲ್ಲಾಧಿಕಾರಿ ಕಚೇರಿಯ ತುರ್ತು ಸಹಾಯವಾಣಿ 1077, ರಾಜ್ಯದ್ದು 1070. ಉಕ್ರೇನ್ ಸಮಯದಲ್ಲಿ ಮಕ್ಕಳ ವಿವರ ತೆಗೆದುಕೊಂಡು ದೆಹಲಿಗೆ ತಲುಪಿಸಿದ್ದು ಈ ವ್ಯವಸ್ಥೆಯೇ. ಪಾಸ್‌ಪೋರ್ಟ್ ಸಂಖ್ಯೆ, ಈಗಿರುವ ಜಾಗ, ಅಲ್ಲಿನ ಫೋನ್ ನಂಬರು, ಎಷ್ಟು ಜನ, ಯಾರಿಗಾದರೂ ಕಾಯಿಲೆ ಇದೆಯಾ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಮಾತಾಡಿ. ವಿದೇಶಾಂಗ ಇಲಾಖೆಯ ‘ಮದದ್’ ಪೋರ್ಟಲ್‌ನಲ್ಲೂ ದೂರು ದಾಖಲಿಸಿ, ಆ ಸಂಖ್ಯೆಯನ್ನು ಫೈಲಿನ ಮೇಲೇ ಬರೆದಿಡಿ. ಕೈಯಲ್ಲಿ ಕಾಸಿಲ್ಲದೆ ಸಿಕ್ಕಿಕೊಂಡವರಿಗೆ ಊಟ, ವಸತಿ, ಟಿಕೆಟ್ ಕೊಡಲು ರಾಯಭಾರ ಕಚೇರಿಗಳಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಕೇಳಲು ಸಂಕೋಚ ಬೇಡ.

ಬಂದ ಮೇಲೆ

ತೆರವು ವಿಮಾನ ಹೆಚ್ಚಾಗಿ ಇಳಿಯುವುದು ದೆಹಲಿ ಇಲ್ಲವೇ ಮುಂಬೈನಲ್ಲಿ. ನೀವು ಅಲ್ಲಿಗೆ ಓಡುವುದು ಬೇಡ, ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಹೋದರೆ ಸಾಕು. ಮೈಸೂರಿನಿಂದ ನೇರ ಫ್ಲೈಬಸ್ ಇದೆ. ಮೊಮ್ಮಕ್ಕಳ ಟೀಸಿ ಇಲ್ಲ ಅಂತ ಮನೆಯಲ್ಲಿ ಕೂರಿಸಬೇಡಿ. 6ರಿಂದ 14 ವರ್ಷದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ನೆಂಟರು ಬಂದು ‘ಅಲ್ಲಿ ಏನಾಯ್ತು, ಬಾಂಬ್ ನೋಡಿದ್ಯಾ’ ಅಂತ ಮಗುವನ್ನು ಕೆದಕಲು ಬಿಡಬೇಡಿ. ರಾತ್ರಿ ಬೆಚ್ಚಿಬೀಳುವುದು, ಪಟಾಕಿ ಸದ್ದಿಗೆ ಅಡಗಿಕೊಳ್ಳುವುದು ಕೆಲವು ವಾರ ಆದರೂ ನಿಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.