ಪಿಎಲ್‌ಸಿ ನೆಟ್‌ವರ್ಕ್ ಮಿತಿ: ಯಾವುದನ್ನು ಎಣಿಸಬೇಕು, ಯಾವುದನ್ನು ಬಿಡಬೇಕು?

ಪ್ಯಾನೆಲ್ ಬಾಗಿಲು ತೆಗೆದು, ಸ್ವಿಚ್‌ನಲ್ಲಿ ಮಿನುಗುವ ದೀಪಗಳನ್ನು ಎಣಿಸಿ, 'ಇನ್ನೂ ಜಾಗ ಇದೆ' ಎನ್ನುವವರು ಬಹಳ ಜನ. ಪಿಎಲ್‌ಸಿ, ಅಂದರೆ ಯಂತ್ರಗಳನ್ನು ನಡೆಸುವ ಕೈಗಾರಿಕಾ ಕಂಟ್ರೋಲರ್, ಎಷ್ಟು ಸಾಧನಗಳನ್ನು ಸಂಭಾಳಿಸುತ್ತದೆ ಎಂಬ ಲೆಕ್ಕ ಅಲ್ಲಿ ಸಿಗುವುದಿಲ್ಲ. ಕೇಬಲ್ ಎಷ್ಟಾದರೂ ಇರಲಿ, ಕಂಟ್ರೋಲರ್ ಯಾವುದರ ಜೊತೆ ನೇರವಾಗಿ ಮಾತಾಡುತ್ತದೆ ಎಂಬುದನ್ನು ನೋಡಬೇಕು.

ಮೊದಲು ಕ್ಯಾಟಲಾಗ್ ನಂಬರನ್ನು ಪೂರ್ತಿ ಓದಿ. ರಾಕ್‌ವೆಲ್ ಕಂಪನಿಯ ಕಾಂಪ್ಯಾಕ್ಟ್‌ಲಾಜಿಕ್ಸ್ 5370 ಸಾಲಿನಲ್ಲೇ ಎಲ್30ಇಆರ್‌ಗೆ 16 ನೋಡ್ (ಕಂಟ್ರೋಲರ್ ನೇರವಾಗಿ ಮಾತಾಡುವ ಸಾಧನ), ಎಲ್33ಇಆರ್‌ಗೆ 32, ಎಲ್36ಇಆರ್‌ಎಂಗೆ 48. ನೋಡಲು ಎಲ್ಲ ಒಂದೇ ಥರ ಇರುತ್ತವೆ, ಹಾಗಾಗಿ ಮೋಸ ಹೋಗುವುದು ಸುಲಭ.

ಆಮೇಲೆ ಪ್ರೋಗ್ರಾಂನಲ್ಲಿ ಐ/ಒ (ಇನ್‌ಪುಟ್/ಔಟ್‌ಪುಟ್) ಕಾನ್ಫಿಗರೇಶನ್ ತೆರೆಯಿರಿ. ಈಥರ್ನೆಟ್ ಸಾಲಿನ ಕೆಳಗೆ ನೇರವಾಗಿ ಸೇರಿಸಿದ ಪ್ರತಿಯೊಂದೂ ಒಂದು ನೋಡ್. ಡ್ರೈವ್ (ಮೋಟರ್ ವೇಗ ನಿಯಂತ್ರಿಸುವ ಸಾಧನ) ಒಂದು, ರಿಮೋಟ್ ಅಡಾಪ್ಟರ್ (ದೂರದ ಐ/ಒ ಮಾಡ್ಯೂಲ್‌ಗಳನ್ನು ನೆಟ್‌ವರ್ಕ್‌ಗೆ ಜೋಡಿಸುವ ಸಾಧನ) ಒಂದು. ಅಡಾಪ್ಟರ್ ಹಿಂದೆ ಸಾಲಾಗಿ ಕೂತ ಮಾಡ್ಯೂಲ್‌ಗಳು ಲೆಕ್ಕಕ್ಕಿಲ್ಲ. ಈ ಪಟ್ಟಿಗೆ ಸೇರಿಸದ ಎಚ್‌ಎಂಐ (ಆಪರೇಟರ್ ಬಳಸುವ ಪರದೆ), ಮೆಸೇಜ್ ಇನ್‌ಸ್ಟ್ರಕ್ಷನ್ ಮೂಲಕ ಮಾತ್ರ ಓದುವ ಸಾಧನ, ಇವೂ ಇಲ್ಲ. ಪ್ರೊಡ್ಯೂಸ್ಡ್-ಕನ್ಸ್ಯೂಮ್ಡ್ ಟ್ಯಾಗ್ ಹಂಚಿಕೊಳ್ಳುವ ಇನ್ನೊಂದು ಕಂಟ್ರೋಲರ್ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಒಂದು ಉದಾಹರಣೆ ನೋಡೋಣ. 12 ಡ್ರೈವ್, 3 ಅಡಾಪ್ಟರ್, ಪಟ್ಟಿಗೆ ಸೇರಿಸಿದ ಒಂದು ಮ್ಯಾನೇಜ್ಡ್ ಸ್ವಿಚ್, ಪಟ್ಟಿಯ ಹೊರಗೆ 2 ಎಚ್‌ಎಂಐ. ಮೊತ್ತ 16. ಎಲ್30ಇಆರ್ ಭರ್ತಿಯಾಯಿತು. ಇಲ್ಲಿ ಸ್ವಿಚ್ ತಿಂದ ಆ ಒಂದು ಜಾಗವನ್ನು ಯಾರೂ ನಿರೀಕ್ಷಿಸಿರುವುದಿಲ್ಲ, ಅಲ್ವಾ? ಅದನ್ನು ಪಟ್ಟಿಯಿಂದ ತೆಗೆದರೂ ನೆಟ್‌ವರ್ಕ್ ಓಡುತ್ತದೆ. ಆದರೆ ಯಾವ ಪೋರ್ಟ್ ಬಿದ್ದಿದೆ ಎಂಬ ಮಾಹಿತಿ ಆ ದಾರಿಯಲ್ಲಿ ಪಿಎಲ್‌ಸಿಗೆ ಬರುವುದಿಲ್ಲ. ಜಾಗ ಇದ್ದರೆ ಅದನ್ನು ಉಳಿಸಿಕೊಳ್ಳಿ ಎಂಬುದು ನನ್ನ ಸಲಹೆ.

ಕನೆಕ್ಷನ್, ಅಂದರೆ ಡೇಟಾ ಹರಿಯಲು ಕಂಟ್ರೋಲರ್ ತೆರೆದಿಡುವ ಸಂಪರ್ಕ, ಅದರ ಲೆಕ್ಕ ಬೇರೆಯೇ. ಒಂದು ಅಡಾಪ್ಟರ್ ಹಿಂದೆ 4 ಡಿಜಿಟಲ್, 2 ಅನಲಾಗ್ ಮಾಡ್ಯೂಲ್ ಇವೆ ಎನ್ನಿ. ರ‍್ಯಾಕ್ ಆಪ್ಟಿಮೈಸ್ಡ್ ಆರಿಸಿದರೆ ನಾಲ್ಕೂ ಡಿಜಿಟಲ್ ಸೇರಿ ಒಂದು ಕನೆಕ್ಷನ್, ಅನಲಾಗ್‌ಗೆ ತಲಾ ಒಂದು. ಒಟ್ಟು 3. ಡಿಜಿಟಲ್‌ಗಳನ್ನು ಸುಮ್ನೆ ಡೈರೆಕ್ಟ್ ಎಂದು ಬಿಟ್ಟರೆ 6. ರಾಕ್‌ವೆಲ್‌ನದೇ ಇನ್ನೊಂದು ಸಾಲಾದ ಕಂಟ್ರೋಲ್‌ಲಾಜಿಕ್ಸ್‌ನಲ್ಲಿ ಈಥರ್ನೆಟ್ ಕಾರ್ಡಿನ ಮಿತಿಯನ್ನೂ ನೋಡಬೇಕು: ಹಳೆಯ 1756-ಇಎನ್‌ಬಿಟಿಗೆ 64 ಟಿಸಿಪಿ (ಸಾಮಾನ್ಯ ನೆಟ್‌ವರ್ಕ್ ಸಂಪರ್ಕ), 128 ಸಿಐಪಿ (ಕೈಗಾರಿಕಾ ಸಾಧನಗಳ ಡೇಟಾ ವಿನಿಮಯದ ಪ್ರೋಟೋಕಾಲ್) ಕನೆಕ್ಷನ್. 1756-ಇಎನ್2ಟಿಗೆ ಎರಡೂ ದುಪ್ಪಟ್ಟು.

ಕನೆಕ್ಷನ್ ಮಿತಿ ಮೀರಿದಾಗ ಐ/ಒ ಪಟ್ಟಿಯಲ್ಲಿ ಆ ಮಾಡ್ಯೂಲ್ ಮೇಲೆ ಹಳದಿ ತ್ರಿಕೋನ ಬರುತ್ತದೆ. ಅದರ ಕನೆಕ್ಷನ್ ಟ್ಯಾಬಿನಲ್ಲಿ 16#0113 ಕಂಡರೆ ಕೇಬಲ್ ಬದಲಿಸುತ್ತಾ ಕೂರಬೇಡಿ. ಕನೆಕ್ಷನ್‌ಗಳು ಮುಗಿದಿವೆ ಎಂದೇ ಅದರ ಅರ್ಥ.

ಮಾಡ್‌ಬಸ್ ಟಿಸಿಪಿ ಎಂಬ ಇನ್ನೊಂದು ಪ್ರೋಟೋಕಾಲ್‌ನಲ್ಲೂ ಇದೇ ಕಣ್ಣು ಬೇಕು. ಗೇಟ್‌ವೇ (ಈಥರ್ನೆಟ್ ಮತ್ತು ಸೀರಿಯಲ್ ತಂತಿಯನ್ನು ಬೆಸೆಯುವ ಸಾಧನ) ಹಿಂದೆ ಆರ್‌ಎಸ್-485 ಸೀರಿಯಲ್ ತಂತಿಯಲ್ಲಿ 10 ಅಳತೆ ಮೀಟರ್‌ಗಳಿದ್ದರೂ ಒಂದೇ ಟಿಸಿಪಿ ಕನೆಕ್ಷನ್ ಸಾಕು, ಯೂನಿಟ್ ಐಡಿ ನೋಡಿ ಒಂದೊಂದನ್ನೂ ಓದಬಹುದು. ಅದೇ 10 ಮೀಟರ್‌ಗಳು ಈಥರ್ನೆಟ್‌ನವಾದರೆ 10 ಕನೆಕ್ಷನ್.

ಕೊನೆಗೆ, ನೋಡ್ ಪಟ್ಟಿಯಲ್ಲಿ ಇಲ್ಲದ ಎಚ್‌ಎಂಐಗಳನ್ನು ಈ ಕನೆಕ್ಷನ್ ಲೆಕ್ಕದಲ್ಲಿ ಸೇರಿಸಿ. ಅವು ನೋಡ್ ಅಲ್ಲದಿದ್ದರೂ ಕನೆಕ್ಷನ್ ಹಿಡಿಯುತ್ತವೆ. ದುರಸ್ತಿಗೆ ಬಂದವರ ಲ್ಯಾಪ್‌ಟಾಪ್ ಆನ್‌ಲೈನ್ ಹೋದಾಗಲೂ ಅಷ್ಟೇ, ಅದಕ್ಕೂ ಜಾಗ ಬಿಟ್ಟಿರಿ.